ನಡುಗದ ಕ್ಯಾಮೆರಾ, ಕಾಲು ಇಂಚಿನ ಸ್ಕ್ರೂ

2014ರ ಬೇಸಿಗೆಯ ಒಂದು ಸಂಜೆ. ಇಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕುಳಿತು ಬೀಗರ ಮನೆಯ ಮದುವೆಯ ವಿಡಿಯೋ ನೋಡುತ್ತಿದ್ದೆವು. ವಧು-ವರರು ಅಕ್ಷತೆಗೆ ನಿಂತಾಗ ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಕ್ಯಾಮೆರಾದವನು ಮೆರವಣಿಗೆಯ ಜೊತೆ ನಡೆಯತೊಡಗಿದ ಕೂಡಲೇ ಹಂದರ, ಬ್ಯಾಂಡಿನವರು, ಮದುಮಗನ ಕುದುರೆ ಎಲ್ಲವೂ ಮೇಲೆ ಕೆಳಗೆ ಕುಣಿಯಲಾರಂಭಿಸಿದವು. ನನ್ನ ಹೆಂಡತಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು.

"ಇವರು ಮದವಿ ಚಕ್ಕಡ್ಯಾಗ ಮಾಡ್ಯಾರೇನೋ? ನನಗ ತಲಿ ತಿರಗಾಕತ್ತೈತಿ."

ಎಲ್ಲರೂ ನಕ್ಕರು. ನಗದೇ ಇದ್ದವನು ನನ್ನ ಮಗಳ ಮಗ ಒಬ್ಬನೇ. ಆಗ ಅವನಿಗೆ 20 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ. "ಆಯಿ, ತಪ್ಪು ಕ್ಯಾಮೆರಾದ್ದಲ್ಲ, ಕಾಲಿಂದು" ಎಂದ. ಮರುದಿನ ಅವನು ಮಾಡಿದ ಮೊದಲ ಕೆಲಸವೆಂದರೆ ಪಕ್ಕದ ಮನೆಯ ಕೋಳಿಯನ್ನು ಎರವಲು ತಂದದ್ದು.

ಮಕ್ಕಳೇ, ನಿಮ್ಮಲ್ಲಿ ಕೋಳಿ ಸಾಕಿದವರಿದ್ದರೆ ಇದನ್ನು ನೋಡಿರುತ್ತೀರಿ. ಕೋಳಿಯನ್ನು ಎರಡು ಕೈಯಲ್ಲಿ ಮೆಲ್ಲಗೆ ಹಿಡಿದು ಮೇಲೆ ಕೆಳಗೆ, ಅತ್ತ ಇತ್ತ ಸರಿಸಿದರೆ ಮೈ ಮಾತ್ರ ಸರಿಯುತ್ತದೆ. ತಲೆ ಗೋಡೆಗೆ ಮೊಳೆ ಹೊಡೆದಂತೆ ಇದ್ದಲ್ಲಿಯೇ ಇರುತ್ತದೆ! ಮೈ ಎಷ್ಟು ಅಲುಗಿತೋ ಅಷ್ಟನ್ನು ಕುತ್ತಿಗೆ ಸರಿದೂಗಿಸುತ್ತದೆ. ತಲೆಯ ಮೇಲೆ ಕೊಡ ಹೊತ್ತು ಬರುವ ನಮ್ಮ ಹೆಣ್ಣುಮಕ್ಕಳ ನಡಿಗೆಯೂ ಹೀಗೆಯೇ. ಕಾಲು ಹಳ್ಳ ದಿನ್ನೆ ತುಳಿಯುತ್ತದೆ, ಕೊಡದ ನೀರು ತುಳುಕುವುದಿಲ್ಲ.

"ಮುತ್ಯಾ, ಕ್ಯಾಮೆರಾಕ್ಕ ಕೋಳಿ ಕುತ್ತಿಗಿ ಹಚ್ಚಬೇಕು" ಎಂದ ಮೊಮ್ಮಗ.

ಅಂಥ ಕುತ್ತಿಗೆಯನ್ನು ಅಮೆರಿಕದಲ್ಲಿ ಗ್ಯಾರೆಟ್ ಬ್ರೌನ್ ಎಂಬುವರು 1970ರ ದಶಕದಲ್ಲಿಯೇ ಮಾಡಿದ್ದರು. ಫಿಲಡೆಲ್ಫಿಯಾದ ಈ ಮನುಷ್ಯ ತಾರುಣ್ಯದಲ್ಲಿ ಜನಪದ ಹಾಡುಗಾರ. ಆ ಕಾಲದಲ್ಲಿ ನಡೆಯುವ ದೃಶ್ಯ ತೆಗೆಯಬೇಕೆಂದರೆ ನೆಲಕ್ಕೆ ಹಳಿ ಹಾಸಿ, ತಳ್ಳುಗಾಡಿಯ ಮೇಲೆ ಕ್ಯಾಮೆರಾ ಇಡಬೇಕಿತ್ತು. ಮೆಟ್ಟಿಲ ಮೇಲೆ ಗಾಡಿ ಹೇಗೆ ಹತ್ತೀತು? ಬ್ರೌನ್ ಒಂದು ವಾರ ಮೋಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತು ವಿನ್ಯಾಸ ಮುಗಿಸಿದರಂತೆ. ಮೈಗೆ ಒಂದು ಕವಚ, ಅದರಿಂದ ಚಾಚಿದ ಸ್ಪ್ರಿಂಗಿನ ತೋಳು, ತೋಳಿನ ತುದಿಗೆ ಎಲ್ಲ ದಿಕ್ಕಿಗೂ ತಿರುಗುವ ಕೀಲು, ಆ ಕೀಲಿನಲ್ಲಿ ನಿಂತ ಒಂದು ಕೋಲು. ಕೋಲಿನ ಮೇಲ್ತುದಿಗೆ ಕ್ಯಾಮೆರಾ, ಕೆಳತುದಿಗೆ ಬ್ಯಾಟರಿ ಮತ್ತು ಪುಟ್ಟ ಟಿವಿ ಪರದೆ. ಅದಕ್ಕೆ ಸ್ಟೆಡಿಕ್ಯಾಮ್ ಎಂದು ಹೆಸರಾಯಿತು. ತೋರಿಸುವುದಕ್ಕೆಂದು ತೆಗೆದ ಮಾದರಿ ಚಿತ್ರದಲ್ಲಿ ಬ್ರೌನ್ ಅವರ ಗೆಳತಿ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ ಮೆಟ್ಟಿಲುಗಳ ಮೇಲೆ ಓಡಿದ್ದರು. ಅದನ್ನು ಕಂಡ ನಿರ್ದೇಶಕರು 1976ರ 'ರಾಕಿ' ಚಿತ್ರದ ನಾಯಕನನ್ನೂ ಅವೇ 72 ಮೆಟ್ಟಿಲು ಹತ್ತಿಸಿದರು. 1978ರಲ್ಲಿ ಈ ಉಪಕರಣಕ್ಕೆ ಆಸ್ಕರ್ ಮನ್ನಣೆ ಬಂತು.

ಆ ಯಂತ್ರ ಲಕ್ಷಗಟ್ಟಲೆ ರೂಪಾಯಿಯದು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಮದುವೆಯ ಫೋಟೋ ತೆಗೆದು ಬದುಕುವವರು ಅದನ್ನೆಲ್ಲಿ ಕೊಂಡಾರು? ಆದರೆ ಅಮೆರಿಕದಲ್ಲಿಯೇ ಜಾನಿ ಲೀ ಎಂಬ ವಿದ್ಯಾರ್ಥಿ ನಲ್ಲಿಯ ಪೈಪು, ಟೀ ಜಾಯಿಂಟು, ವ್ಯಾಯಾಮದ ತೂಕದ ಬಿಲ್ಲೆ ಸೇರಿಸಿ 14 ಡಾಲರಿನಲ್ಲಿ ಇಂಥದೊಂದನ್ನು ಮಾಡಿ, ಮಾಡುವ ಬಗೆಯನ್ನು ಎಲ್ಲರಿಗೂ ಹಂಚಿದ್ದ. ಮೊಮ್ಮಗನಿಗೆ ಧೈರ್ಯ ಬಂದದ್ದು ಅದರಿಂದ. ಕವಚವೂ ಬೇಡ, ಸ್ಪ್ರಿಂಗಿನ ತೋಳೂ ಬೇಡ, ಬರೀ ಕೋಲು ಮತ್ತು ಕೀಲು. ತೋಳಿನ ಕೆಲಸ ಮನುಷ್ಯನ ತೋಳೇ ಮಾಡಲಿ ಎಂಬುದು ಅವನ ಲೆಕ್ಕ.

ಕೋಲು ಹೇಗೆ ನಡುಕ ತಡೆಯುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಒಂದು ಉದ್ದನೆಯ ಕೋಲಿನ ನಡುವೆ, ಹತ್ತಿರ ಹತ್ತಿರ, ಎರಡು ಕಲ್ಲು ಕಟ್ಟಿ. ನಡುವೆ ಹಿಡಿದು ಮಣಿಕಟ್ಟಿನಿಂದ ಅತ್ತಿತ್ತ ತಿರುಗಿಸಿ. ಸುಲಭವಾಗಿ ತಿರುಗುತ್ತದೆ. ಈಗ ಅವೇ ಕಲ್ಲುಗಳನ್ನು ಎರಡು ತುದಿಗೆ ಸರಿಸಿ ತಿರುಗಿಸಿ. ಕೋಲು ಹಟ ಮಾಡುತ್ತದೆ! ಕಲ್ಲಿನ ತೂಕ ಬದಲಾಗಿಲ್ಲ, ದೂರ ಮಾತ್ರ ಬದಲಾಯಿತು. ಈ ಹಟಕ್ಕೆ ಜಡತ್ವ ಎನ್ನುತ್ತಾರೆ. ದೂರ ಎರಡು ಪಟ್ಟಾದರೆ ತಿರುಗದಿರುವ ಹಟ ನಾಲ್ಕು ಪಟ್ಟಾಗುತ್ತದೆ.

ಮೊದಲ ಕೋಲಿನಲ್ಲಿ ಹಿಡಿಕೆಯ ಮೇಲೆ 12 ಸೆಂಟಿಮೀಟರ್ ಎತ್ತರದಲ್ಲಿ ಒಂದು ಕಿಲೋ ಕ್ಯಾಮೆರಾ, ಕೆಳಗೆ 12 ಸೆಂಟಿಮೀಟರಿನಲ್ಲಿ ಒಂದು ಕಿಲೋ ಕಬ್ಬಿಣ ಇತ್ತು. ನಾನು ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು. "ಮದುವಿ ನಾಕ ತಾಸು ನಡಿತೈತಿ, ಇದನ್ನ ಯಾರ ಹಿಡಕೊಂಡು ನಿಂದರ್ತಾರ?" ಎಂದೆ. ಎರಡು ದಿನ ಲೆಕ್ಕ ಮಾಡಿ ಅವನು ಕೋಲಿನ ಕೆಳಭಾಗವನ್ನು 24 ಸೆಂಟಿಮೀಟರಿಗೆ ಇಳಿಸಿದ. ತಕ್ಕಡಿಯ ನ್ಯಾಯದಂತೆ, ದೂರ ಎರಡು ಪಟ್ಟಾದ್ದರಿಂದ ಅರ್ಧ ಕಿಲೋ ಕಬ್ಬಿಣವೇ ಒಂದು ಕಿಲೋ ಕ್ಯಾಮೆರಾವನ್ನು ತೂಗಿತು. ಹಟದ ಲೆಕ್ಕ ನೋಡಿ: ಭಾರ ಅರ್ಧವಾಯಿತು, ದೂರದಿಂದ ನಾಲ್ಕು ಪಟ್ಟಾಯಿತು, ಅಂದರೆ ಕೆಳಗಿನ ಭಾರದ ಹಟ ಎರಡು ಪಟ್ಟಾಯಿತು. ಹಗುರವೂ ಆಯಿತು, ಮೊದಲಿಗಿಂತ ಸ್ಥಿರವೂ ಆಯಿತು. ಇನ್ನೂ ಉದ್ದ ಮಾಡಿದರೆ ಮೊಣಕಾಲಿಗೆ ಬಡಿಯುತ್ತದೆಂದು ಅಲ್ಲಿಗೇ ನಿಲ್ಲಿಸಿದ.

ಕೀಲು ಮಾಡಿಕೊಟ್ಟವರು ನಮ್ಮೂರಿನ ಒಬ್ಬ ಹಿರಿಯ ಲೇಥ್ ಮೇಸ್ತ್ರಿ. ಚಿತ್ರ ನೋಡಿ, "ಇದೇನ ಹೊಸಾದಲ್ಲ ತಮ್ಮಾ, ಟ್ರ್ಯಾಕ್ಟರ್ ಶಾಫ್ಟಿನ ಕ್ರಾಸ್ ಸಣ್ಣದು ಮಾಡಿದ್ರ ಆತು" ಎಂದರು. ಟ್ರ್ಯಾಕ್ಟರಿನ ಶಾಫ್ಟು ಯಾವ ಕಡೆ ವಾಲಿದರೂ ತಿರುಗಬೇಕಲ್ಲ, ಅದೇ ಉಪಾಯ. ಕೀಲು ಸಡಿಲವಾಗಿ ತಿರುಗಿದಷ್ಟೂ ಕೈಯ ನಡುಕ ಕೋಲಿಗೆ ದಾಟುವುದಿಲ್ಲ. ಕೊನೆಗೆ ಒಂದು ಪರೀಕ್ಷೆ: ಕೋಲನ್ನು ಅಡ್ಡ ಮಲಗಿಸಿ ಕೈ ಬಿಟ್ಟರೆ ಅದು ತಾನೇ ಎದ್ದು ನೆಟ್ಟಗಾಗಲು ಎರಡು ಮೂರು ಸೆಕೆಂಡು ತೆಗೆದುಕೊಳ್ಳಬೇಕು. ಬೇಗ ಎದ್ದರೆ ಕೆಳಗಿನ ಭಾರ ಹೆಚ್ಚು, ನಡೆಯುವಾಗ ಗಡಿಯಾರದ ಲೋಲಕದಂತೆ ತೂಗಾಡುತ್ತದೆ. ಏಳದೇ ಬಿದ್ದರೆ ಕಡಿಮೆ.

ಮಾರುವ ಮಾತು ಬಂದಾಗ ನನ್ನ ಸರದಿ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅವನ ನೋಟ್‌ಬುಕ್ಕಿನಲ್ಲಿ ಹೀಗಿತ್ತು: ಅಲ್ಯೂಮಿನಿಯಂ ಪೈಪು, ಪಟ್ಟಿ 210 ರೂಪಾಯಿ, ಬೇರಿಂಗ್ 80, ಸೈಕಲ್ ಹ್ಯಾಂಡಲ್ಲಿನ ಗ್ರಿಪ್ 40, ಭಾರಕ್ಕೆ ದೊಡ್ಡ ವಾಶರುಗಳು 120, ಬೋಲ್ಟು 30, ಲೇಥ್ ಕೂಲಿ 250. ಒಟ್ಟು 730. "900ಕ್ಕ ಮಾರತೀನಿ, 170 ಲಾಭ" ಎಂದ.

"ನಿನ್ನ ಕೂಲಿ ಎಲ್ಲೈತಿ?" ಎಂದೆ. ಅವನು ಸುಮ್ಮನಾದ. "ಕೆಟ್ಟುಹೋದ ಎರಡು ಕೋಲಿನ ಖರ್ಚು? ಬಸ್ಸಿನ ಚಾರ್ಜು? ನಾಳೆ ಯಾರದರೆ ವಾಪಸ್ ಬಂದ್ರ ರಿಪೇರಿಗೆ ಏನ ಇಟ್ಟೀದಿ?" ಕೊನೆಗೆ ಬೆಲೆ 1,500 ಎಂದಾಯಿತು. ಬೇಸಿಗೆ ಮದುವೆಗಳ ಕಾಲ. ಅವನು ಊರೂರಿಗೆ ಹೋಗಿ, ಸ್ಟುಡಿಯೋದ ಮುಂದೆ ನಡೆದು ತೋರಿಸಿ ಏಳು ಕೋಲು ಮಾರಿಬಂದ. ಇಂಡಿಯಲ್ಲಿ ಎರಡು, ಸಿಂದಗಿಯಲ್ಲಿ ಎರಡು, ಬಸವನ ಬಾಗೇವಾಡಿಯಲ್ಲಿ ಒಂದು, ಮುದ್ದೇಬಿಹಾಳದಲ್ಲಿ ಎರಡು. ಮನೆಯಲ್ಲಿ ಹುಗ್ಗಿ ಮಾಡಿದೆವು.

ಹುಗ್ಗಿಯ ರುಚಿ ಬಾಯಲ್ಲಿರುವಾಗಲೇ ಮುದ್ದೇಬಿಹಾಳದಿಂದ ಫೋನು ಬಂತು. ಮದುವೆಯ ನಡುವೆ ಕ್ಯಾಮೆರಾ ಕೋಲಿನಿಂದ ಕಳಚಿ ನೆಲಕ್ಕೆ ಬಿದ್ದಿತ್ತು. ಲೆನ್ಸು ಕೆಟ್ಟಿತ್ತು. ರಿಪೇರಿಗೆ 2,800 ರೂಪಾಯಿ. ಫೋನು ಮಾಡಿದವನು ಬೈಯಲಿಲ್ಲ. "ತಮ್ಮಾ, ನಂದು ಒಂದ ಕ್ಯಾಮೆರಾ ಐತಿ" ಎಂದಷ್ಟೇ ಹೇಳಿದನಂತೆ. ಬೈದಿದ್ದರೆ ಹುಡುಗನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತಪ್ಪು ಎಲ್ಲಿದೆ ಎಂದು ಹುಡುಕಲು ಮನೆಯಲ್ಲಿದ್ದ ಕೋಲನ್ನು ಹಿಡಿದು ಮೇಸ್ತ್ರಿಯ ಬಳಿ ಹೋದೆವು. ಕ್ಯಾಮೆರಾದ ಹೊಟ್ಟೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಲು ಒಂದು ತೂತು ಇರುತ್ತದೆ. ಜಪಾನಿನಲ್ಲಿ ಮಾಡಿರಲಿ, ಜರ್ಮನಿಯಲ್ಲಿ ಮಾಡಿರಲಿ, ಸಾಮಾನ್ಯವಾಗಿ ಆ ತೂತು ಕಾಲು ಇಂಚು, ಇಂಚಿಗೆ 20 ಥ್ರೆಡ್. ಮೊದಲ ಕೋಲಿಗೆ ಮೊಮ್ಮಗ ಹಳೆಯ ಸ್ಟ್ಯಾಂಡೊಂದರ ಸ್ಕ್ರೂ ಬಿಚ್ಚಿ ಹಾಕಿದ್ದ, ಸರಿಯಾಗಿತ್ತು. ಮಾರಲು ಮಾಡಿದ ಏಳಕ್ಕೆ ಅಂಗಡಿಯಿಂದ 6 ಮಿಲಿಮೀಟರ್ ಬೋಲ್ಟು ತಂದಿದ್ದ. ಸ್ವಲ್ಪ ಸಡಿಲ ಅನ್ನಿಸಿದ್ದಕ್ಕೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿದ್ದ.

ಮೇಸ್ತ್ರಿ ಎರಡೂ ಬೋಲ್ಟನ್ನು ಒಂದರ ಬದಿಗೆ ಒಂದನ್ನು ಒತ್ತಿ ಬೆಳಕಿಗೆ ಹಿಡಿದರು. "ನೋಡ, ಒಂದ ಥ್ರೆಡ್ ಕೂಡತೈತಿ, ಮುಂದಿಂದು ಕೂಡೂದಿಲ್ಲ." ಕಾಲು ಇಂಚು ಎಂದರೆ 6.35 ಮಿಲಿಮೀಟರ್. ಇಂಚಿನ ಬೋಲ್ಟಿನಲ್ಲಿ ಥ್ರೆಡ್ಡಿನಿಂದ ಥ್ರೆಡ್ಡಿಗೆ 1.27 ಮಿಲಿಮೀಟರ್ ಅಂತರ. 6 ಮಿಲಿಮೀಟರ್ ಬೋಲ್ಟಿನಲ್ಲಿ ಒಂದೇ ಮಿಲಿಮೀಟರ್. ಕ್ಯಾಮೆರಾದ ತೂತಿನ ಆಳ ಐದು ಮಿಲಿಮೀಟರಿನ ಆಸುಪಾಸು, ಸರಿಯಾದ ಸ್ಕ್ರೂ ಹಾಕಿದರೂ ಹಿಡಿಯುವುದು ನಾಲ್ಕು ಸುತ್ತು. ತಪ್ಪು ಬೋಲ್ಟು ಒಂದು ಸುತ್ತಿನ ಮೇಲೆ ನಿಂತಿತ್ತು. ಉಳಿದದ್ದನ್ನು ಟೇಪು ಹಿಡಿದಿತ್ತು.

ನನಗೆ ಥಟ್ಟನೆ 1957 ನೆನಪಾಯಿತು. ಆ ವರ್ಷದ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ನಯಾ ಪೈಸೆ ಬಂತು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ; ಅಂದಿನಿಂದ ರೂಪಾಯಿಗೆ 100 ನಯಾ ಪೈಸೆ. ಹಳೆಯ ಆಣೆಯೂ ಹೊಸ ಪೈಸೆಯೂ ಕೆಲವು ವರ್ಷ ಒಟ್ಟಿಗೇ ಓಡಾಡಿದವು. ಒಂದು ಆಣೆಗೆ ಸರಿಯಾಗಿ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿ ತರುವುದು? ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಪಟ್ಟಿ ಮಾಡಿದ್ದರು. ಆಗ ನನಗೆ ಹತ್ತು ವರ್ಷ. ಅಪ್ಪ ಕೊಟ್ಟ ನಾಲ್ಕು ಆಣೆಯನ್ನು ಒಂದೊಂದಾಗಿ ಚಿಲ್ಲರೆ ಮಾಡಿಸಿ 24 ಪೈಸೆ ತಂದೆ. ಒಟ್ಟಿಗೆ ಕೊಟ್ಟಿದ್ದರೆ 25 ಬರುತ್ತಿತ್ತು. ಅಪ್ಪ ಹೊಡೆಯಲಿಲ್ಲ. "ಆ ಒಂದ ಪೈಸಾ ಎಲ್ಲಿ ಹೋತು? ಗಾಳ್ಯಾಗ ಕರಗೂದಿಲ್ಲ. ನೀ ಬಿಟ್ಟದ್ದು ಯಾರದೋ ಲೆಕ್ಕದಾಗ ಕುಂತಿರ್ತೈತಿ" ಎಂದ. ಮುಂದೆ ಬ್ಯಾಂಕಿನಲ್ಲಿ ದಿನದ ಲೆಕ್ಕ ಕೂಡದೇ ರಾತ್ರಿಯವರೆಗೆ ಕುಳಿತಾಗೆಲ್ಲ ನನಗೆ ಆ ಮಾತು ಕೇಳಿಸುತ್ತಿತ್ತು.

ಆರೂಕಾಲನ್ನು ಆರು ಎಂದವನು ನಾನು, 6.35ನ್ನು ಆರು ಎಂದವನು ನನ್ನ ಮೊಮ್ಮಗ. ನಾವು ಬಿಟ್ಟ ಚೂರು ಮುದ್ದೇಬಿಹಾಳದವನ ಲೆಕ್ಕದಲ್ಲಿ ಹೋಗಿ ಕುಳಿತಿತ್ತು.

"ಮುದ್ದೇಬಿಹಾಳಕ್ಕ ಹೋಗಿ ಸ್ಕ್ರೂ ಬದಲಿ ಮಾಡಿ, ರೊಕ್ಕಾ ಕೊಟ್ಟು ಬರ್ತೀನಿ" ಎಂದ ಮೊಮ್ಮಗ.

"ಉಳಿದ ಆರು?"

"ಅವು ಇನ್ನೂ ಬಿದ್ದಿಲ್ಲಲ್ಲ ಮುತ್ಯಾ. ನಾವ ಹೋಗಿ ತಪ್ಪ ಐತಿ ಅಂದ್ರ ಮುಂದ ಯಾರ ತಗೋತಾರ?"

ಮಾತು ಸುಳ್ಳಲ್ಲ. 20 ವರ್ಷದ ಹುಡುಗನಿಗೆ ಅದು ಮೊದಲ ವ್ಯಾಪಾರ, ಮೊದಲ ಹೆಸರು. ನಾನು ಒತ್ತಾಯ ಮಾಡಲಿಲ್ಲ. "ಬೀಳೂತನಕಾ ಕಾಯೂದಾದ್ರ, ಯಾರ ಮದುವ್ಯಾಗ ಬೀಳಬೇಕು ಅಂತ ನೀನ ಹೇಳು" ಎಂದಷ್ಟೇ ಅಂದು ಊಟಕ್ಕೆ ಕುಳಿತೆ. ಬೆಳಿಗ್ಗೆ ಎದ್ದಾಗ ಅವನು ಚೀಲ ಕಟ್ಟಿ ನಿಂತಿದ್ದ.

ಮೇಸ್ತ್ರಿ ತಮ್ಮ ಹಳೆಯ ಡಬ್ಬಿಯಿಂದ ಕಾಲು ಇಂಚಿನ ವಿಟ್‌ವರ್ತ್ ಬೋಲ್ಟುಗಳನ್ನು ಹುಡುಕಿ ಕೊಟ್ಟರು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಕೂಡಲಿ ಎಂದು ಎಲ್ಲರಿಗೂ ಒಂದೇ ಅಳತೆ ಸೂಚಿಸಿದರು. ಅವರ ಕಾಲು ಇಂಚಿಗೂ 20 ಥ್ರೆಡ್. ಅದಕ್ಕೇ ಕ್ಯಾಮೆರಾಕ್ಕೆ ಸರಿಯಾಗಿ ಕೂಡಿತು.

ಇಂಡಿಯ ಎರಡನ್ನು ನಡೆದುಹೋಗಿ ಬದಲಿಸಿದೆವು. ಆಮೇಲೆ ಸಿಂದಗಿ ಬಸ್ಸು. ಬಸ್ಸಿನ ತುಂಬ ನಮ್ಮೂರಿನ ನಿಂಬೆಹಣ್ಣಿನ ವಾಸನೆ. ಯಾರೋ ಎರಡು ಚೀಲ ಏರಿಸಿದ್ದರು. ಸಿಂದಗಿಯ ಮೊದಲ ಸ್ಟುಡಿಯೋದವರು, "ನಂದು ಗಟ್ಟಿ ಐತಿ ಕಾಕಾ, ಯಾಕ ಬಿಚ್ಚತೀರಿ?" ಎಂದರು. ಮೊಮ್ಮಗ ಬಿಚ್ಚಿ ತೋರಿಸಿದ. ಟೇಪು ಹರಿದು, ಬೋಲ್ಟಿನ ತುದಿಯ ಥ್ರೆಡ್ಡು ಸವೆದು ಮಿಂಚುತ್ತಿತ್ತು. ಅವರು ತಮ್ಮ ಕ್ಯಾಮೆರಾವನ್ನು ಎರಡು ಕೈಯಿಂದ ಎದೆಗೆ ಹಿಡಿದುಕೊಂಡರು. ಏನೂ ಮಾತಾಡದೆ ಚಹಾ ತರಿಸಿದರು. ಎರಡನೆಯ ಸ್ಟುಡಿಯೋದವನು ಮಾತ್ರ, "ಇಂಥಾದ್ದ ಮಾರಾಕ ಹೆಂಗ ಮನಸ ಬಂತು?" ಎಂದು ಕೋಲನ್ನೇ ವಾಪಸು ಕೊಟ್ಟ. ಮೊಮ್ಮಗ ಎದುರಾಡದೆ 1,500 ಎಣಿಸಿಕೊಟ್ಟ.

ದೇವರ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿ ಮುಟ್ಟಿದಾಗ ಮಧ್ಯಾಹ್ನ. ಬಸವಣ್ಣನವರು ಹುಟ್ಟಿದ ಊರು; ಗುಡಿಗೆ ಹೋಗಿ ಕೈ ಮುಗಿದು ಸ್ಟುಡಿಯೋಕ್ಕೆ ಬಂದೆವು. ಅಲ್ಲಿ ನಮಗೇ ಪಾಠ ಕಾದಿತ್ತು. ಆ ಮನುಷ್ಯ ಕೋಲಿನ ಕೆಳಗಿದ್ದ ನಮ್ಮ ವಾಶರುಗಳಲ್ಲಿ ಅರ್ಧ ಬಿಚ್ಚಿ ಎಸೆದು, ಆ ಜಾಗದಲ್ಲಿ ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಗಳ ಚೀಲ ಕಟ್ಟಿದ್ದ. "ಹೆಂಗೂ ಕಿಸೆದಾಗ ಹೊರತೀವಲ್ರಿ. ಸುಮ್ಮನ ಕಬ್ಬಿಣ ಯಾಕ ಹೊರಬೇಕು?" ಎಂದ. ಮೊಮ್ಮಗ ನನ್ನ ಮುಖ ನೋಡಿದ. ಗ್ಯಾರೆಟ್ ಬ್ರೌನ್ ತಮ್ಮ ಕೋಲಿನ ಕೆಳಗೆ ಬ್ಯಾಟರಿ, ಪರದೆ ಇಟ್ಟದ್ದೂ ಇದೇ ಬುದ್ಧಿಯಿಂದ. ಓದಿದ್ದರೂ ನಮಗೆ ಹೊಳೆದಿರಲಿಲ್ಲ. ಕಾಯಕದ ಊರಿನಲ್ಲಿ ಭಾರವೂ ದುಡಿಯಬೇಕೆಂದು ಕಲಿತೆವು. ತಪ್ಪು ಒಪ್ಪಿಕೊಳ್ಳಲು ಹೋಗದಿದ್ದರೆ ಈ ಪಾಠ ಸಿಗುತ್ತಿರಲಿಲ್ಲ.

ಮುದ್ದೇಬಿಹಾಳಕ್ಕೆ ಹೋಗುವಾಗ ಹುಡುಗ ಬಸ್ಸಿನಲ್ಲಿ ಮಾತೇ ಆಡಲಿಲ್ಲ. ಸ್ಟುಡಿಯೋ ಎಂದರೆ ಒಂದು ಸಣ್ಣ ಕೋಣೆ, ಗೋಡೆಗೆ ಹಸಿರು ಪರದೆ. ಅವನು 2,800 ರೂಪಾಯಿ ಮೇಜಿನ ಮೇಲಿಟ್ಟು, "ತಪ್ಪು ನಂದರೀ" ಎಂದ. ಆ ಮನುಷ್ಯ ಎಣಿಸಿದರು, ಇಟ್ಟುಕೊಂಡರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಹೊಸ ಸ್ಕ್ರೂ ಹಾಕಿದ ಕೋಲನ್ನು ಹಿಡಿದು, ಕ್ಯಾಮೆರಾವನ್ನು ಬಲವಾಗಿ ಎಳೆದು ನೋಡಿದರು. ಮತ್ತೊಮ್ಮೆ ಎಳೆದರು. ಆಮೇಲೆ, "ಗೆಳ್ಯಾಂದೂ ಒಂದ ಐತಿ, ನಡೀರಿ ತೋರಸ್ತೀನಿ, ಅದಕ್ಕೂ ಹಾಕ್ರಿ" ಎಂದು ತಾವೇ ಎದ್ದು ನಮ್ಮ ಮುಂದೆ ನಡೆದರು.

ರಾತ್ರಿ ಮನೆಗೆ ಬಂದು ಲೆಕ್ಕ ಬರೆದೆವು. ಏಳು ಕೋಲಿನ ಉಳಿತಾಯ 5,390. ಅದರಲ್ಲಿ ಲೆನ್ಸಿಗೆ 2,800, ವಾಪಸು ಕೊಟ್ಟದ್ದು 1,500, ಬೋಲ್ಟು ಬಸ್ಸು ಸೇರಿ 460. ಕೈಯಲ್ಲಿ ಉಳಿದದ್ದು 630 ರೂಪಾಯಿ ಮತ್ತು ಒಂದು ಕೋಲು. "ತಿಂಗಳಾ ಪೂರ್ತಿ ದುಡಿದ ಕೂಲಿ" ಎಂದು ಮೊಮ್ಮಗ ನಕ್ಕ. ಆ ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

ಮುಂದಿನ ಎರಡು ವರ್ಷಗಳಲ್ಲಿ, ಬಾಗೇವಾಡಿಯವರ ಬ್ಯಾಟರಿ ಚೀಲ ಸೇರಿಸಿದ ಹೊಸ ಕೋಲುಗಳು ಇನ್ನೂ ಹನ್ನೆರಡು ಹೋದವು. ಒಂದೂ ತಿರುಗಿ ಬರಲಿಲ್ಲ. ಆಮೇಲೆ ವಿದ್ಯುತ್ ಗಿಂಬಲ್‌ಗಳು ಬಂದವು. ಅವುಗಳಲ್ಲಿ ಮೂರು ಪುಟ್ಟ ಮೋಟಾರು ಇರುತ್ತವೆ. ಕೈ ಎಷ್ಟು ವಾಲಿತೆಂದು ಸಂವೇದಕ ಕ್ಷಣಕ್ಷಣಕ್ಕೂ ಅಳೆದು ಹೇಳುತ್ತದೆ, ಮೋಟಾರು ಅಷ್ಟನ್ನೇ ಎದುರು ದಿಕ್ಕಿಗೆ ತಿರುಗಿಸುತ್ತದೆ. ಕೋಳಿಯ ಕುತ್ತಿಗೆಗೆ ಇನ್ನೂ ಹತ್ತಿರದ ಸಂಬಂಧಿ! ನಮ್ಮ ಕೋಲನ್ನು ಕೇಳುವವರು ಇಲ್ಲವಾದರು. ಮೊಮ್ಮಗ ಈಗ ಪುಣೆಯ ಒಂದು ಕಾರ್ಖಾನೆಯಲ್ಲಿದ್ದಾನೆ. ತಯಾರಾದ ಭಾಗಗಳ ಅಳತೆ ಸರಿ ಇದೆಯೇ ಎಂದು ನೋಡುವುದೇ ಅವನ ಕೆಲಸ.

ನನ್ನ ಹಳೆಯ ನಾಣ್ಯಗಳ ಡಬ್ಬಿಯಲ್ಲಿ ಕೆಲವು ಆಣೆಗಳಿವೆ, ನಯಾ ಪೈಸೆಗಳಿವೆ. ಅವುಗಳ ಜೊತೆಗೆ 6 ಮಿಲಿಮೀಟರಿನ ಏಳು ಬೋಲ್ಟುಗಳೂ ಇವೆ. ರಜೆಗೆ ಬಂದ ಚಿಕ್ಕ ಮಕ್ಕಳು ಡಬ್ಬಿ ಸುರಿದು, "ಮುತ್ಯಾ, ಇವು ಯಾವ ಕಾಲದ ರೊಕ್ಕಾ?" ಎಂದು ಕೇಳುತ್ತಾರೆ. ನಾನು ಒಂದು ಕಾಲು ಇಂಚಿನ ಬೋಲ್ಟನ್ನೂ ಕೈಗೆ ಕೊಟ್ಟು, ಎರಡನ್ನೂ ಒತ್ತಿ ಹಿಡಿದು ಬೆಳಕಿನಲ್ಲಿ ನೋಡಲು ಹೇಳುತ್ತೇನೆ.